ಕಾರಣ ಅವಳಿಗೆ ಗೊತ್ತು

೪ ಮಾರ್ಚ್, ಮಂಗಳವಾರ

ಅವರು ಹೋಗಿ ಇವತ್ತಿಗೆ ನಲವತ್ತು ದಿನ. ಮನೆಗೆ ಬರುವವರು ನಿಂತಿದ್ದಾರೆ, ಫೋನು ನಿಂತಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಲಾಂಡ್ರಿಗಳು ಬಾಗಿಲು ತೆಗೆಯುತ್ತವೆ, ಒಂಬತ್ತೂ ಐದಕ್ಕೆ ಮೊದಲ ಕರೆ. ಇವತ್ತು ಮೊದಲು ಮಾಡಿದವರಿಗೆ ರಸೀದಿ ಅರ್ಧ ಮಾತ್ರ ಪ್ರಿಂಟ್ ಆಗುತ್ತಿತ್ತು. ಕಾಗದದ ಸುರುಳಿ ಓರೆ ಕೂತಿದೆ, ತೆಗೆದು ನೆಟ್ಟಗೆ ಹಾಕಿ ಅಂದೆ. ಸರಿಹೋಯಿತು. "ಸಾರ್ ಇಲ್ವಾ?" ಅಂದರು. ಇಲ್ಲ ಅಂದೆ. "ಎಷ್ಟೊತ್ತಿಗೆ ಬರ್ತಾರೆ?" ಅಂದರು. ಆಗ ಹೇಳಲೇಬೇಕಾಯಿತು. ಅವರು ಅಳುವ ಹಾಗಾದರು, ನಾನೇ ಸಮಾಧಾನ ಮಾಡಿದೆ.

ಈ ಪುಸ್ತಕದಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ಸಂಜೆ ಒಬ್ಬರಿಗೆ ದಿನದ ಸುದ್ದಿ ಹೇಳಿ ಅಭ್ಯಾಸ. ಬೇರೆ ಏನಿಲ್ಲ.

೬ ಮಾರ್ಚ್, ಗುರುವಾರ

ಮೈದುನ ಒಬ್ಬರನ್ನು ಕರೆದುಕೊಂಡು ಬಂದಿದ್ದ. ಯಾವುದೋ ದೊಡ್ಡ ಕಂಪನಿಯ ಮ್ಯಾನೇಜರ್. ಬೂಟು ಹೊರಗೆ ಬಿಟ್ಟು, ಒಳಗೆ ಬಂದ ಮೇಲೆ ಕಾಲ್ಚೀಲ ತೂತಾಗಿದ್ದು ನೋಡಿ ಕಾಲು ಕುರ್ಚಿ ಕೆಳಗೆ ಸೇರಿಸಿಕೊಂಡರು. ಅದೊಂದು ಬಿಟ್ಟರೆ ನಾಚಿಕೆ ಪಡುವ ಜಾತಿಯಲ್ಲ.

ವಿಷಯ ಇಷ್ಟು. ನೂರಾ ಹನ್ನೆರಡು ಲಾಂಡ್ರಿ ಅಂಗಡಿಗಳು ನಮ್ಮ ಯಜಮಾನರು ಬರೆದ ಪ್ರೋಗ್ರಾಂ ಬಳಸುತ್ತವೆ. ಯಾರ ಬಟ್ಟೆ, ಯಾವ ನಂಬರಿನ ಚೀಟಿ, ಯಾವ ಕಲೆ, ಯಾವತ್ತಿಗೆ ಕೊಡಬೇಕು, ಎಲ್ಲ ಅದರಲ್ಲೇ. ಅಂಗಡಿಯವರು ವರ್ಷಕ್ಕೊಮ್ಮೆ ಕೊಡುವುದರಲ್ಲೇ ನಮ್ಮ ಮನೆ ನಡೆದಿದ್ದು. ಕಂಪನಿಗೆ ಬೇಕಾಗಿರುವುದು ಆ ಅಂಗಡಿಗಳ ಪಟ್ಟಿ.

"ಪ್ರೋಗ್ರಾಂ?" ಅಂತ ಕೇಳಿದೆ.

"ಅದು ಬೇಡಮ್ಮ. ಹತ್ತೊಂಬತ್ತು ವರ್ಷದ ಹಳೇ ಕೋಡು. ನಮ್ಮವರು ಮೊದಲಿಂದ ಹೊಸದಾಗೇ ಬರೀತಾರೆ. ಮೂರು ತಿಂಗಳು."

"ಹಾಗಾದ್ರೆ ಇದನ್ನ ಏನು ಮಾಡ್ತೀರಿ?"

"ಅದನ್ನ ಏನೂ ಮಾಡೋದಿಲ್ಲ. ಗುಜರಿ ಅಂತ ತಿಳ್ಕೊಳ್ಳಿ."

ಮೈದುನ ನನ್ನ ಮುಖ ನೋಡಲಿಲ್ಲ. ಅವನ ಅಣ್ಣ ಊಟದ ಮೇಜಿನ ಆ ತುದಿಯಲ್ಲಿ ಕೂತು ಎರಡೇ ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದಿದ್ದು ಅದು. ಈ ತುದಿಯಲ್ಲಿ ನಾನು ಫೋನು ಹಿಡಿದು ಕೂರುತ್ತಿದ್ದೆ.

ಹೋದ ಮೇಲೆ ಮೈದುನ ಅಂದ, "ಅತ್ತಿಗೆ, ನಿಮಗೆ ಕೋಡ್ ಬರೆಯೋಕೆ ಬರೋಲ್ಲ, ನನಗೂ ಬರೋಲ್ಲ. ನಾಳೆ ಏನಾದ್ರೂ ಕೆಟ್ಟರೆ ಸರಿ ಮಾಡೋರು ಯಾರು? ಅಂಗಡಿಯೋರು ಒಬ್ಬೊಬ್ಬರಾಗಿ ಕೈ ಬಿಡ್ತಾರೆ. ಈಗ ಕೊಟ್ಟರೆ ನಾಲ್ಕು ಕಾಸಾದ್ರೂ ಸಿಗುತ್ತೆ."

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಸುಳ್ಳಿದ್ದಿದ್ದರೆ ಚೆನ್ನಾಗಿತ್ತು, ಬೈಯಬಹುದಿತ್ತು. ಏಪ್ರಿಲ್ ಹದಿನೈದರೊಳಗೆ ಉತ್ತರ ಕೊಡಬೇಕು.

ಪ್ರತಿ ಮಾತಿಗೂ ಮೂರು ತಿಂಗಳು ಅಂದರು ಆ ಮನುಷ್ಯ. ನಾನು ಮನಸ್ಸಿನಲ್ಲಿ ಅವರಿಗೆ ಮೂರ್‌ತಿಂಗಳು ಅಂತಲೇ ಹೆಸರಿಟ್ಟೆ.

೧೧ ಮಾರ್ಚ್, ಮಂಗಳವಾರ

ಮೂರು ಅಂಗಡಿಗಳಲ್ಲಿ ಕಂಪನಿಯವರು ತಮ್ಮ ಹೊಸ ಪ್ರೋಗ್ರಾಂ ಹಾಕಿ ನೋಡುತ್ತಾರಂತೆ. ಅರ್ಧ ಆಗಲೇ ತಯಾರಿದೆಯಂತೆ. ಆಗಲಿ ಅಂದೆ. ಬೇಡ ಅನ್ನಲು ಕಾರಣ ತೋಚಲಿಲ್ಲ. ಮೂರರಲ್ಲಿ ಒಂದು ನಮ್ಮ ರಸ್ತೆಯ ಮೂಲೆಯ ಲಾಂಡ್ರಿ. ಅಲ್ಲಿಯ ಯಜಮಾನಿಯನ್ನು ಬೀದಿಯವರೆಲ್ಲ ದೊಡ್ಡಮ್ಮ ಅನ್ನುತ್ತಾರೆ. "ನಿನ್ನ ಗಂಡನ ಪ್ರೋಗ್ರಾಂ ನನ್ನ ಮಾತು ಕೇಳ್ತಿತ್ತು. ಇದು ಯಾರ ಮಾತು ಕೇಳುತ್ತೋ ನೋಡೋಣ" ಅಂದರು.

೧೩ ಮಾರ್ಚ್, ಗುರುವಾರ

ಕಂಪನಿಯಿಂದ ಇಂಜಿನಿಯರ್ ಹುಡುಗಿ ಬಂದಿದ್ದಳು, ಮೂರು ಅಂಗಡಿಗಳ ಮಾಹಿತಿ ನಕಲು ಮಾಡಿಕೊಳ್ಳಲು. ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಬ್ಯಾಗಿನಲ್ಲಿ ಅರ್ಧ ತಿಂದ ಸೇಬು ಇತ್ತು. ಅವರ ಕುರ್ಚಿಯಲ್ಲಿ ಕೂರಲು ಹೋದಳು. ಅಲ್ಲಿ ಬೇಡ ಅಂದೆ. ಯಾಕೆ ಅಂತ ಕೇಳಲಿಲ್ಲ, ಸ್ಟೂಲು ಎಳೆದುಕೊಂಡಳು.

ಹಳೆಯ ಕೋಡ್ ತೆರೆದು ನೋಡುತ್ತಾ ನಡುನಡುವೆ ನಗುತ್ತಿದ್ದಳು. ನನಗೆ ಹೊಟ್ಟೆ ಉರಿಯಿತು.

"ಆಂಟಿ, ಇದರಲ್ಲಿ ತಪ್ಪಿದೆ ನೋಡಿ. ಚೀಟಿ ನಂಬರು ಅರವತ್ತೈದು ಆದ್ಮೇಲೆ ಅರವತ್ತೇಳು. ಅರವತ್ತಾರು ಬರೋದೇ ಇಲ್ಲ. ಎಂಬತ್ತಾರು ಇಲ್ಲ, ತೊಂಬತ್ತೆಂಟು ಇಲ್ಲ."

"ತಪ್ಪಲ್ಲಮ್ಮ ಅದು." ಒಂದು ಚೂರು ಕಾಗದದ ಮೇಲೆ ಇಂಗ್ಲಿಷ್ ಅಂಕಿಯಲ್ಲಿ 86 ಅಂತ ಬರೆದು ತಲೆಕೆಳಗು ಮಾಡಿ ತೋರಿಸಿದೆ. 98 ಆಯಿತು. "ಪಿನ್ ಹಾಕೋರು ಚೀಟಿ ಮೇಲೆ ಕೆಳಗೆ ನೋಡಿ ಹಾಕ್ತಾರಾ? ಒಬ್ಬರ ಕೋಟು ಇನ್ನೊಬ್ಬರ ಮದುವೆಗೆ ಹೋಯ್ತು. ಆವತ್ತು ಫೋನ್ ತೆಗೆದಿದ್ದು ನಾನು. ಬೈಗುಳ ಕೇಳಿದ್ದೂ ನಾನು."

ನಗು ನಿಂತಿತು. "ಮತ್ತೆ ಕೋಟು ಅಂತ ಹಾಕಿದ್ರೆ ನಾಲ್ಕು ಸೆಕೆಂಡು ಸ್ಕ್ರೀನು ನಿಂತುಬಿಡುತ್ತಲ್ಲ, ಜೇಬು ನೋಡಿದಿರಾ ಅಂತ ಕೇಳಿ?"

"ಬರೀ ಕೇಳಿದ್ರೆ ನೋಡ್ದೇನೇ ಹೌದು ಅಂತ ಒತ್ತುತಾರೆ. ನಾಲ್ಕು ಸೆಕೆಂಡು ಸುಮ್ನೆ ನಿಂತ್ಕೊಂಡ್ರೆ ಬೇಜಾರಾಗಿ ಕೈ ಜೇಬಿಗೆ ಹೋಗುತ್ತೆ. ಒಬ್ಬ ತಾತನ ಕಟ್ಟುಹಲ್ಲು ಡ್ರೈಕ್ಲೀನ್ ಆಗಿತ್ತು."

"ಹಲ್ಲು ಕ್ಲೀನ್ ಆಯ್ತಲ್ಲ ಆಂಟಿ" ಅಂದಳು. ನಾನೂ ನಕ್ಕೆ. ಎಷ್ಟು ದಿನವಾಗಿತ್ತೋ. ನಕ್ಕ ಮೇಲೆ ತಪ್ಪು ಮಾಡಿದ ಹಾಗೆ ಅನಿಸಿತು.

ಹೊರಡುವ ಮುಂಚೆ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು. ಕೋಡಿನ ಸಾಲುಗಳ ಪಕ್ಕದಲ್ಲಿ, ಯಾಕೆ ಹೀಗೆ ಬರೆದಿದೆ ಅಂತ ಬರೆದವರು ಟಿಪ್ಪಣಿ ಹಾಕುತ್ತಾರಂತೆ. ಇವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದಾರೆ. "ಇದು ಎಲ್ಲಾ ಕಡೆ ಇದೆ. ಯಾರು ಆಂಟಿ ಇದು?"

ಓದಿದೆ. ಇದನ್ನು ಮುಟ್ಟಬೇಡ. ಕಾರಣ ಅವಳಿಗೆ ಗೊತ್ತು.

ಹತ್ತೊಂಬತ್ತು ವರ್ಷ ಅದೇ ಮೇಜಿನ ಈ ತುದಿಯಲ್ಲಿ ಕೂತಿದ್ದೆ. ಒಂದು ದಿನವೂ ಆ ಕಡೆ ಬಗ್ಗಿ ಏನು ಬರೆಯುತ್ತೀರಿ ಅಂತ ನೋಡಿರಲಿಲ್ಲ.

೧೯ ಮಾರ್ಚ್, ಬುಧವಾರ

ಮೂರು ಕರೆ. ಒಲೆ ಹಚ್ಚಲಿಲ್ಲ.

೨೧ ಮಾರ್ಚ್, ಶುಕ್ರವಾರ

ಎಣಿಸಿದೆ. ಅರವತ್ಮೂರು ಕಡೆ ಇದೆ, ಕಾರಣ ಅವಳಿಗೆ ಗೊತ್ತು ಅಂತ. ಕೋಡು ಅರ್ಥವಾಗುವುದಿಲ್ಲ, ಆದರೆ ಟಿಪ್ಪಣಿ ಓದಿ, ಅದರ ತಾರೀಖು ನೋಡಿ, ನನ್ನ ಹಳೆಯ ಫೋನು ಪುಸ್ತಕಗಳಲ್ಲಿ ಆ ವಾರದ ಪುಟ ತೆಗೆದರೆ ಅಲ್ಲಿ ಇರುತ್ತದೆ. ಯಾವ ಅಂಗಡಿ, ಏನು ದೂರು, ಎಷ್ಟು ಹೊತ್ತು ಕೂಗಾಡಿದರು. ಹನ್ನೊಂದಕ್ಕೆ ಕಾರಣ ಸಿಕ್ಕಿತು. ಬೇರೆ ಪುಸ್ತಕ ಮಾಡಿ ಬರೆದಿಡುತ್ತಿದ್ದೇನೆ.

ಗುಜರಿಯಂತೆ.

೨೬ ಮಾರ್ಚ್, ಬುಧವಾರ

ನಲವತ್ತನಾಲ್ಕು ಆಯಿತು. "ಒಂದು ವೇಳೆ" ಅನ್ನುವುದಕ್ಕೆ ಕೋಡಿನಲ್ಲಿ ಬರುವ ಪದ ಯಾವುದು ಅಂತ ಗುರುತು ಹತ್ತಿದೆ. ಒಂದು ವೇಳೆ ಬಂದಿದ್ದು ಕಿಟಕಿ ಪರದೆ ಆದರೆ ಹೀಗೆ, ಇಲ್ಲದಿದ್ದರೆ ಹಾಗೆ. ಇಷ್ಟೇ ತಾನೆ. ಮೈದುನ ಫೋನು ಮಾಡಿ, "ಯೋಚನೆ ಮಾಡಿದ್ರಾ ಅತ್ತಿಗೆ?" ಅಂದ. ಕೆಲಸದಲ್ಲಿದ್ದೇನೆ, ಆಮೇಲೆ ಮಾಡು ಅಂದೆ.

೩ ಏಪ್ರಿಲ್, ಗುರುವಾರ

ಬೆಳಿಗ್ಗೆ ನಮ್ಮ ಯಜಮಾನರ ಫೋನಿಗೆ ಒಂದು ಸಂದೇಶ ಬಂತು. ಹಾಗೇ ಇಳಿಸಿಕೊಂಡಿದ್ದೇನೆ.

"ಗೌರವಾನ್ವಿತ ಗ್ರಾಹಕರೇ, ತಮ್ಮ ಉಡುಪು (ಕೋಟು, ಕಂದು, ೧) ೪೫,೩೮೩ ದಿನಗಳಿಂದ ನಮ್ಮಲ್ಲಿ ಉಳಿದಿದೆ. ಏಳು ದಿನಗಳೊಳಗೆ ಪಡೆಯದಿದ್ದಲ್ಲಿ ವಿಲೇವಾರಿ ಮಾಡಲಾಗುವುದು. ತಮ್ಮ ದಿನ ಶುಭವಾಗಿರಲಿ."

ಕೂತು ಭಾಗಿಸಿ ನೋಡಿದೆ. ನೂರಾ ಇಪ್ಪತ್ತನಾಲ್ಕು ವರ್ಷ ಆಗುತ್ತದೆ.

ಕಂದು ಕೋಟು ಬೀರುವಿನಲ್ಲಿ ಇಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ. ಬೀರು ತೆಗೆದಿದ್ದರೆ ತಾನೆ.

ಮೂಲೆಯ ಲಾಂಡ್ರಿಗೆ ಹೋದೆ. ದೊಡ್ಡಮ್ಮ ನನ್ನನ್ನು ನೋಡಿ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟರು. "ಡಿಸೆಂಬರಲ್ಲಿ ಕೊಟ್ಟು ಹೋಗಿದ್ದ. ಆಮೇಲೆ ಹೀಗಾಯ್ತು. ನಿನ್ನ ಹತ್ರ ಏನಂತ ಕೇಳ್ಲಿ? ಕಂಪ್ಯೂಟರಲ್ಲಿ ಅವನೇ ಮಾಡಿಕೊಟ್ಟಿದ್ನಲ್ಲ ಆ ಕೀಲಿ, ಅದನ್ನ ಒತ್ತಿಬಿಟ್ಟೆ."

ಆ ಕೀಲಿಯ ಕಾರಣ ನನಗೆ ಗೊತ್ತು. ಬಟ್ಟೆ ಒಯ್ಯದಿದ್ದರೆ ಪ್ರೋಗ್ರಾಂ ಹದಿನೈದು ದಿನಕ್ಕೊಮ್ಮೆ ಗಿರಾಕಿಗೆ ನೆನಪೋಲೆ ಕಳಿಸುತ್ತದೆ. ಹನ್ನೊಂದು ವರ್ಷದ ಹಿಂದೆ ಒಂದು ಮನೆಗೆ, ಸತ್ತವರ ಹೆಸರಿಗೆ, ಆರು ಸಲ ಹೋಯಿತು. ಆ ಮನೆಯ ಹೆಂಗಸು ನಮಗೇ ಫೋನು ಮಾಡಿದರು. ಬೈಯಲಿಲ್ಲ, ಸಾಕು ಮಾಡಿ ಅಂದರು ಅಷ್ಟೆ. ಅದನ್ನು ಇವರಿಗೆ ಹೇಳಿದ ಮೇಲೆ ಆವತ್ತು ನಾನು ಮತ್ತೆ ಫೋನು ಎತ್ತಲಿಲ್ಲ. ಮಾರನೆ ದಿನ ಕೀಲಿ ಬಂತು. ಮನೆಯಲ್ಲಿ ಸಾವಾಗಿದ್ದರೆ ಅಂಗಡಿಯವರು ಅದನ್ನು ಒತ್ತಿದರೆ ಸಾಕು, ನೆನಪೋಲೆ ನಿಲ್ಲುತ್ತದೆ, ಬಟ್ಟೆ ಯಾವತ್ತಿಗೂ ಅಲ್ಲೇ ಇರುತ್ತದೆ.

ಇಂಜಿನಿಯರ್ ಹುಡುಗಿಗೆ ಫೋನು ಮಾಡಿದೆ. ಅವಳು ಹುಡುಕಿ ಮಧ್ಯಾಹ್ನ ಹೇಳಿದಳು. ಆ ಕೀಲಿ ಒತ್ತಿದರೆ ಬಟ್ಟೆ ಕೊಡಬೇಕಾದ ತಾರೀಖು ೧೯೦೧ನೇ ಇಸವಿ ಜನವರಿ ಒಂದು ಅಂತ ಆಗುತ್ತದಂತೆ. ಅದು ನನ್ನ ಗಂಡ ಇಟ್ಟುಕೊಂಡಿದ್ದ ಗುಟ್ಟಿನ ಗುರುತು. ಆ ತಾರೀಖು ಕಂಡರೆ ಹಳೆಯ ಪ್ರೋಗ್ರಾಂ ಸುಮ್ಮನಾಗುತ್ತಿತ್ತು. ಹೊಸದು ಅದನ್ನು ನಿಜ ಅಂತ ನಂಬಿ ಲೆಕ್ಕ ಹಾಕಿದೆ. ಮೂರು ಅಂಗಡಿಗಳಿಂದ ನಲವತ್ತೊಂದು ಮನೆಗೆ ಸಂದೇಶ ಹೋಗಿದೆ. ನಲವತ್ತೊಂದೂ ಸಾವಾದ ಮನೆ.

"ಸಾರಿ ಆಂಟಿ" ಅಂದಳು. "ಅಲ್ಲೂ ಟಿಪ್ಪಣಿ ಇತ್ತು. ನಾನು ನಿಮ್ಮನ್ನ ಕೇಳ್ಬೇಕಿತ್ತು."

ಕೋಟನ್ನು ತಂದಿಲ್ಲ. ಅಲ್ಲೇ ಇರಲಿ ಅಂದೆ ದೊಡ್ಡಮ್ಮನಿಗೆ.

೪ ಏಪ್ರಿಲ್, ಶುಕ್ರವಾರ

ಯಾರಾದರೂ ಜಗಳಕ್ಕೆ ಬಂದರೆ ದೊಡ್ಡಮ್ಮ ಒಬ್ಬರೇ ಎದುರಿಸುವುದು ಬೇಡ ಅಂತ ಅಂಗಡಿಯಲ್ಲಿ ಕೂತಿದ್ದೆ. ಇಬ್ಬರು ಬಂದು ಬೈದು ಹೋದರು. ಬೈಸಿಕೊಂಡೆ, ಅಭ್ಯಾಸವಿದೆ. ಮೂರನೆಯವರು ನಿವೃತ್ತ ಬಸ್ ಡ್ರೈವರ್. ಫೋನಿನಲ್ಲಿದ್ದ ಸಂದೇಶ ತೋರಿಸಿದರು. ನಾನು ಕ್ಷಮಿಸಿ ಅನ್ನುವಷ್ಟರಲ್ಲಿ, "ಇದೆಯಾ?" ಅಂದರು.

"ಏನು?"

"ನನ್ನ ಹೆಂಡತಿ ಸ್ವೆಟರು. ಬೂದು ಬಣ್ಣದ್ದು."

ದೊಡ್ಡಮ್ಮ ಒಳಗಿನ ಕಪಾಟಿನಿಂದ ತಂದರು. ಎಂಟು ವರ್ಷದಿಂದ ಪ್ಲಾಸ್ಟಿಕ್ ಚೀಲದಲ್ಲಿತ್ತು. ಆತ ಚೀಲ ಬಿಚ್ಚದೆ ತೊಡೆಯ ಮೇಲೆ ಇಟ್ಟುಕೊಂಡು ಕೂತರು.

"ಮನೆಯೆಲ್ಲ ಹುಡುಕಿದ್ದೆ. ತಂಗಿ ಮೇಲೆ ಅನುಮಾನ ಪಟ್ಟೆ. ಅವಳೇ ಒಯ್ದಿದ್ದಾಳೆ ಅಂತ ಮಾತು ಬಿಟ್ಟೆ. ಎಂಟು ವರ್ಷ ಆಯ್ತು ಅವಳ ಮನೆಗೆ ಹೋಗಿ." ಆಮೇಲೆ ಕೇಳಿದರು, "ಇಲ್ಲಿದೆ ಅಂತ ಯಾಕೆ ಯಾರೂ ಹೇಳ್ಲಿಲ್ಲ?"

ದೊಡ್ಡಮ್ಮ ನನ್ನ ಕಡೆ ನೋಡಿದರು. ಪ್ರೋಗ್ರಾಂ ಹೇಳಬೇಡ ಅಂದಿತ್ತು, ಅದಕ್ಕೆ.

೭ ಏಪ್ರಿಲ್, ಸೋಮವಾರ

ಮೂರ್‌ತಿಂಗಳು ಬಂದಿದ್ದರು, ಮೈದುನನ ಜೊತೆ. ಹುಡುಗಿಯೂ ಇದ್ದಳು.

"ಸಣ್ಣ ತಪ್ಪು ಅಷ್ಟೆ. ಸರಿಮಾಡ್ತೀವಿ" ಅಂದರು.

"ಅದೊಂದನ್ನ ಸರಿಮಾಡ್ತೀರಿ. ಇನ್ನೂ ಅರವತ್ತೆರಡಿವೆ." ಕಾರಣಗಳ ಪುಸ್ತಕ ಮೇಜಿನ ಮೇಲಿಟ್ಟೆ. ತಿರುವಿ ನೋಡಿದರು. ಹಲ್ಲಿನ ಪುಟದಲ್ಲಿ ನಗಲಿಕ್ಕೆ ಹೋಗಿ ತಡೆದುಕೊಂಡರು.

"ಇದನ್ನೂ ಸೇರಿಸಿ ಕೊಡಿ ಹಾಗಾದ್ರೆ" ಅಂದರು.

"ಗುಜರಿ ಬೇಡ ಅಂದ್ರಲ್ಲ."

ಮೈದುನ, "ಅತ್ತಿಗೆ" ಅಂದ, ಸಣ್ಣ ದನಿಯಲ್ಲಿ. ಹುಡುಗಿ ಗಂಟಲು ಸರಿಮಾಡಿಕೊಂಡಳು. "ಸಾರ್, ಹೊಸದಾಗಿ ಬರೆಯೋಕೆ ಮೂರು ತಿಂಗಳು ಸಾಕು, ನಿಜ. ಆದ್ರೆ ಏನು ಬರೀಬೇಕು ಅಂತ ಗೊತ್ತಾಗೋಕೆ ಇವರು ಹತ್ತೊಂಬತ್ತು ವರ್ಷ ಫೋನ್ ಎತ್ತಿದ್ದಾರೆ. ಆ ಬೈಗುಳ ಎಲ್ಲ ನಾವು ಮೊದಲಿಂದ ತಿನ್ನಬೇಕಾಗುತ್ತೆ. ಕೊಂಡ್ಕೊಳ್ಳೋದೇ ಅಗ್ಗ."

ಸಂಬಳ ಕೊಡುವವರ ಎದುರು ಕೂತು ಹಾಗಂದಳು. ಅವಳಿಗೆ ಎರಡನೇ ಲೋಟ ಚಹಾ ಕೊಟ್ಟೆ. ಅವರಿಗೆ ಬೇಕಾ ಅಂತ ಕೇಳಲಿಲ್ಲ.

೯ ಏಪ್ರಿಲ್, ಬುಧವಾರ

ಆ ೧೯೦೧ನೇ ಇಸವಿಯ ಸಾಲನ್ನು ಹುಡುಕಿ ತೆಗೆದೆ. ಕಾರಣ ಅವಳಿಗೆ ಗೊತ್ತು ಅಂತ ಇದೆ. ಅದರ ಕೆಳಗೆ ಇನ್ನೊಂದು: ಸದ್ಯಕ್ಕೆ ಹೀಗಿರಲಿ, ಆಮೇಲೆ ಸರಿಯಾಗಿ ಮಾಡೋಣ. ತಾರೀಖು ಹನ್ನೊಂದು ವರ್ಷ ಹಿಂದಿನದು.

ಹನ್ನೊಂದು ವರ್ಷದಲ್ಲಿ ಒಂದು ದಿನ ಸಿಗಲಿಲ್ಲವೇ ನಿಮಗೆ? ಹೋಗಲಿ, ನನಗೆ ಹೇಳಿದ್ದರೆ ನಾನು ನೆನಪು ಮಾಡುತ್ತಿದ್ದೆ. ಎಲ್ಲ ಕಡೆ ಅವಳಿಗೆ ಗೊತ್ತು, ಅವಳಿಗೆ ಗೊತ್ತು ಅಂತ ಬರೆದಿರಿ, ಅವಳಿಗೆ ಒಂದು ಮಾತು ಹೇಳಲಿಲ್ಲ. ಸತ್ತವರ ಮನೆಗೆ ಓಲೆ ನಿಲ್ಲಿಸಿದ್ದು ಒಳ್ಳೆಯದೇ. ಆದರೆ ಯಾವತ್ತಿಗೂ ಬಾಯಿ ಮುಚ್ಚಿ ಕೂರು ಅಂತ ಯಾರು ಹೇಳಿದ್ದರು? ನಾನೇ ಹೇಳಿದ್ದೆನೇನೋ. ಆವತ್ತು ನಾನು ಫೋನು ಎತ್ತದೆ ಕೂತಿದ್ದು ನೋಡಿ ಹಾಗೆ ಬರೆದಿರಿ. ಆ ಡ್ರೈವರ್ ತಂಗಿಗೆ ಏನು ಹೇಳಲಿ ಈಗ?

ಹೀಗೆಲ್ಲ ಬರೆದ ಮೇಲೆ ಬೆಳಗಿನಿಂದ ಏನೂ ತಿಂದಿಲ್ಲ ಅಂತ ಗೊತ್ತಾಯಿತು. ಎದ್ದು ಮಾಡಿಕೊಂಡು ತಿಂದೆ. ಹಸಿವಾಗಿತ್ತು.

೧೫ ಏಪ್ರಿಲ್, ಮಂಗಳವಾರ

ಉತ್ತರ ಕೊಡುವ ದಿನ. ಮೂರ್‌ತಿಂಗಳು ಹೊಸ ಕಾಗದ ತಂದಿದ್ದರು. ಪಟ್ಟಿ, ಕೋಡು, ಕಾರಣಗಳ ಪುಸ್ತಕ, ಎಲ್ಲಕ್ಕೂ ಸೇರಿ ಒಂದು ದೊಡ್ಡ ಮೊತ್ತ. ಮೈದುನನ ಕಣ್ಣು ಅರಳಿತು.

"ಮಾರೋದಿಲ್ಲ" ಅಂದೆ.

"ಅತ್ತಿಗೆ, ಇವರು ಕೋಡ್ ಕೂಡ ತಗೊಳ್ತಿದ್ದಾರೆ. ಅದೇ ತಾನೇ ನಿಮಗೆ ಬೇಕಾಗಿದ್ದು?"

"ಬಾಡಿಗೆಗೆ ಕೊಡ್ತೀನಿ. ವರ್ಷ ವರ್ಷ ಕೊಡಿ, ಬಳಸಿ, ನಿಮ್ಮ ಬೇರೆ ಊರುಗಳ ಅಂಗಡಿಗೂ ಹಾಕ್ಕೊಳ್ಳಿ. ಈ ನೂರಾ ಹನ್ನೆರಡು ನನ್ನವು. ಬಾಡಿಗೆಯವರು ಗೋಡೆ ಒಡೆಯೋ ಹಾಗಿಲ್ಲ. ಒಂದು ಸಾಲು ಅಳಿಸಬೇಕಾದ್ರೂ ನನ್ನನ್ನ ಕೇಳ್ಬೇಕು, ಯಾಕೆ ಅಂತ ಹೇಳ್ಬೇಕು. ಈ ಹುಡುಗಿ ವಾರಕ್ಕೆ ಎರಡು ದಿನ ಇಲ್ಲಿ ಬಂದು ಕೂತು ಕೆಲಸ ಮಾಡ್ಬೇಕು, ನನಗೆ ಕಲಿಸ್ಬೇಕು."

"ಅಮ್ಮ, ತಪ್ಪು ತಿಳ್ಕೋಬೇಡಿ. ನಿಮ್ಮ ಓದು ಎಷ್ಟು?"

"ಹತ್ತನೇ ಕ್ಲಾಸು. ಗಣಿತದಲ್ಲಿ ಎರಡನೇ ಸಲಕ್ಕೆ ಪಾಸು."

"ಕೋಡ್ ಕಲಿಯೋಕೆ ಎಷ್ಟು ದಿನ ಆಗ್ಬಹುದು ಗೊತ್ತಾ?"

"ಮೂರು ತಿಂಗಳು" ಅಂದೆ.

ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮೈದುನ ಕೆಮ್ಮಿದ. ಅವರು ಕಾಗದ ಮಡಚಿ ಬ್ಯಾಗಿಗೆ ಹಾಕಿ, ಮೇಲಿನವರನ್ನು ಕೇಳಬೇಕು ಅಂತ ಹೊರಟರು. ಹೋಗಲಿ. ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೆ ನೂರಾ ಹನ್ನೆರಡು ಅಂಗಡಿಯವರಿಗೂ ನಾನೇ ಫೋನು ಮಾಡಿ, ಕೆಟ್ಟರೆ ನಾನಿದ್ದೇನೆ, ಸ್ವಲ್ಪ ತಡವಾಗುತ್ತದೆ ಅಂತ ಹೇಳುತ್ತೇನೆ.

ಮೈದುನ ಬಾಗಿಲಲ್ಲಿ ನಿಂತು, "ಅಣ್ಣ ಇದ್ದಿದ್ರೆ ಇಷ್ಟು ಗಟ್ಟಿಯಾಗಿ ಮಾತಾಡ್ತಿರಲಿಲ್ಲ" ಅಂದ. ನಿಜ. ಅವರು ಮೊದಲನೇ ದಿನವೇ ಸಹಿ ಹಾಕಿಬಿಡುತ್ತಿದ್ದರು, ಪಾಪ.

೨೨ ಏಪ್ರಿಲ್, ಮಂಗಳವಾರ

ಒಪ್ಪಿದರು. ಎರಡು ವರ್ಷಕ್ಕೆ. ಮೂರು ಅಂಗಡಿಗೂ ಹಳೆಯದನ್ನೇ ಹಾಕಿದ್ದಾಯಿತು.

ಹುಡುಗಿ ಬಂದಿದ್ದಳು. ಬರೆಯುವವರು ಕಂಪ್ಯೂಟರಿನ ಎದುರಿಗೇ ಕೂರಬೇಕು ಅಂದಳು. ಆ ಕುರ್ಚಿಯಲ್ಲಿ ಕೂತೆ. ಎತ್ತರ ಹೊಂದಲಿಲ್ಲ, ಒಂದು ದಿಂಬು ಹಾಕಿಕೊಂಡೆ.

೧೯೦೧ನೇ ಇಸವಿಯ ಸಾಲು ತೆಗೆದು ಹಾಕಿದೆವು. ಅವಳು ಹೇಳುತ್ತಾ ಹೋದಳು, ನಾನು ಒತ್ತಿದೆ. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದೆ, ಆಮೇಲೆ ಒತ್ತಿದೆ. ಈಗ ಸಾವಾದ ಮನೆ ಅನ್ನುವುದಕ್ಕೆ ಬೇರೆಯದೇ ಒಂದು ಗುರುತಿದೆ, ತಾರೀಖಿನ ಕಳ್ಳಾಟ ಇಲ್ಲ. ಓಲೆ ಮೊದಲಿನ ಹಾಗೇ ನಿಲ್ಲುತ್ತದೆ. ಆದರೆ ಒಂದು ವರ್ಷ ಆದ ಮೇಲೆ ಅಂಗಡಿಯವರ ಸ್ಕ್ರೀನಿನಲ್ಲಿ ಒಂದು ಪ್ರಶ್ನೆ ಬರುತ್ತದೆ: ಈ ಮನೆಯವರ ಜೊತೆ ಒಮ್ಮೆ ನೀವೇ ಮಾತಾಡಿದಿರಾ? ಹೌದು ಅಥವಾ ಇಲ್ಲ ಅನ್ನುವ ತನಕ ಬೇರೆ ಕೆಲಸಕ್ಕೆ ಬಿಡುವುದಿಲ್ಲ. ಇಲ್ಲ ಅಂದರೆ ಮಾರನೆ ದಿನ ಮತ್ತೆ ಕೇಳುತ್ತದೆ.

ಹನ್ನೆರಡು ಸಾಲಿಗೆ ನಾಲ್ಕು ಗಂಟೆ ಹಿಡಿಯಿತು. ಮೊದಲನೇ ಸಲ ಓಡಿಸಿದಾಗ ಸ್ಕ್ರೀನು ಪೂರ್ತಿ ಕೆಂಪಾಯಿತು. "ನಿಮಗೆ ಎರಡನೇ ಸಲಕ್ಕೆ ಪಾಸಾಗಿ ಅಭ್ಯಾಸ ಅಲ್ವಾ ಆಂಟಿ" ಅಂದಳು ಅಧಿಕಪ್ರಸಂಗಿ.

ಟಿಪ್ಪಣಿಯನ್ನು ನಾನೇ ಬರೆದೆ. ಬಸ್ ಡ್ರೈವರು, ಬೂದು ಸ್ವೆಟರು, ತಂಗಿ, ಎಲ್ಲ. ಇಷ್ಟುದ್ದ ಯಾರೂ ಬರೆಯುವುದಿಲ್ಲ ಅಂದಳು ಹುಡುಗಿ. ಬರೆಯಬೇಕು ಅಂದೆ.

೨೪ ಏಪ್ರಿಲ್, ಗುರುವಾರ

ಹೊಸದನ್ನು ನಿನ್ನೆ ಎಲ್ಲ ಅಂಗಡಿಗೂ ಕಳಿಸಿದ್ದೆವು. ಇವತ್ತು ಒಂಬತ್ತೂ ಐದಕ್ಕೆ ಮೊದಲ ಕರೆ, ದೊಡ್ಡ ಮಾರ್ಕೆಟ್ಟಿನ ಹತ್ತಿರದ ಲಾಂಡ್ರಿಯವರು. ಮೂರು ಇಸ್ತ್ರಿ ಮೇಜು, ಒಂದು ಮೂಟೆ ಕೋಪ.

"ಏನ್ರೀ ಇದು? ಬಾಗಿಲು ತೆಗೆದ ಕೂಡಲೇ ಪ್ರಶ್ನೆ ಕೇಳ್ತಾ ಕೂತಿದೆ. ಯಾರದೋ ಮನೆಯೋರ ಜೊತೆ ನಾನ್ಯಾಕ್ರೀ ಮಾತಾಡ್ಲಿ? ಇಷ್ಟು ವರ್ಷ ಇರಲಿಲ್ಲ ಇದು. ಸಾರ್ ಇದ್ದಾಗ ಇಂಥಾದ್ದೆಲ್ಲ ಮಾಡ್ತಿರಲಿಲ್ಲ. ಯಾರು ಮಾಡಿದ್ದು?"

"ನಾನು ಮಾಡಿದ್ದು" ಅಂದೆ.

ಆ ಕಡೆ ಇಸ್ತ್ರಿಯ ಹಬೆ ಬುಸ್ ಅಂದಿದ್ದು ಕೇಳಿಸಿತು.

"ನೀವಾ?"

"ಹೌದು. ಬೇಡ ಅಂದ್ರೆ ಯಾಕೆ ಬೇಡ ಅಂತ ಹೇಳಿ, ಬರ್ಕೊಳ್ತೀನಿ."

ಪೆನ್ನು ತೆಗೆದುಕೊಂಡೆ. ಅವರು, ಇರಿ, ಮೊದಲು ಆ ಮನೆಗೆ ಫೋನ್ ಮಾಡಿ ನೋಡ್ತೀನಿ ಅಂದರು.